ವೇಬ್ರಿಡ್ಜಿನ ಐವತ್ತೈದು ನಿಮಿಷ

ಮೂರನೆಯ ಸಲವೂ ಪರದೆ ನೀಲಿಯಾಗಿ ನಿಂತುಬಿಟ್ಟಿತು.

ಮೆಹನಾಜ್ ಮೌಸಿನ ಮೇಲಿಂದ ಕೈ ತೆಗೆಯಲಿಲ್ಲ. ನೀಲಿಯ ಮೇಲೆ ಸಾಲಾಗಿ ಮೂಡಿದ ಬಿಳಿ ಅಕ್ಷರಗಳನ್ನು ಓದುವ ಗೋಜಿಗೂ ಹೋಗಲಿಲ್ಲ. ಅವು ಏನು ಹೇಳುತ್ತವೆಂದು ಮೊದಲನೆಯ ಸಲವೇ ಅವಳಿಗೆ ತಿಳಿದಿತ್ತು.

ಬಾಗಿಲಿಗೆ ಒರಗಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಕೆಂಪರಾಜು ಕೈಗಡಿಯಾರ ನೋಡಿಕೊಂಡ. ಮೂರೂ ಮುಕ್ಕಾಲು. ಈ ಕಂಪ್ಯೂಟರನ್ನು ಪರೀಕ್ಷೆ ಮಾಡಲು ಕೋರ್ಟು ಕೊಟ್ಟಿದ್ದ ಅಪ್ಪಣೆ ಐದು ಗಂಟೆಗೆ ತೀರುತ್ತಿತ್ತು.

ಕಾಮಾಕ್ಷಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿ, ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತರಾದವರು. ಈಗ ಕಡೂರಿನ ವಕೀಲರು ಕರೆದಾಗ ಹೋಗಿ ವಿಚಾರಣೆ ಮಾಡಿಕೊಡುತ್ತಾರೆ. ಅವರ ಸರ್ವೀಸಿನ ಅರ್ಧಭಾಗ ಎಲ್ಲಾದರೊಂದು ಕಡೆ ಕೂತು ಕಾಯುವುದರಲ್ಲೇ ಕಳೆದಿತ್ತು. ಇನ್ನೊಂದು ಗಂಟೆ ಕಾಯುವುದು ಅವರಿಗೆ ಲೆಕ್ಕಕ್ಕಿರಲಿಲ್ಲ. ಆದರೆ ಈ ಒಂದು ಗಂಟೆ ಕಳೆದ ಮೇಲೆ ಕಾಯುವುದಕ್ಕೂ ಏನೂ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಅಜ್ಜಂಪುರದ ಅಂಚಿನಲ್ಲಿ ಲೋಡು ಗಾಡಿಗಳನ್ನು ತೂಗುವ ಈ ವೇಬ್ರಿಡ್ಜಿನ ಒಂದು ಚೀಟಿಯೇ ಮೆಹನಾಜಳ ತಂದೆ ರಹಮತ್ ಉಲ್ಲಾನನ್ನು ಜೈಲಿಗೆ ಹಾಕಿಸಿತ್ತು.

ನವೆಂಬರ್ ಹನ್ನೆರಡರ ಸಂಜೆ, ತರೀಕೆರೆ ರಸ್ತೆಯಲ್ಲಿ ಇಲ್ಲಿಂದ ನಾಲ್ಕು ಕಿಲೋಮೀಟರ್ ಆಚೆ, ಕಾಲುವೆಯ ನೀರು ಬಿಡುವ ನೀರುಗಂಟಿ ಮುನಿಯಪ್ಪನ ಸೈಕಲ್ಲಿಗೆ ಬಿಳಿ ಟೆಂಪೋ ಒಂದು ಗುದ್ದಿತ್ತು. ಗುದ್ದಿದವನು ಓಡಿಹೋಗಿದ್ದರೆ ಅದು ಅಪಘಾತ ಎನಿಸಿಕೊಳ್ಳುತ್ತಿತ್ತು. ಅವನು ಇಳಿದು ಬಂದು, ಉಸಿರಾಡುತ್ತಿದ್ದ ಮುನಿಯಪ್ಪನನ್ನು ಕಾಲುವೆಗೆ ಉರುಳಿಸಿ ಹೋಗಿದ್ದ. ಹೆಣ ಕೊಯ್ದ ಡಾಕ್ಟರು ಶ್ವಾಸಕೋಶದಲ್ಲಿ ನೀರಿತ್ತು ಎಂದು ಬರೆದಿದ್ದರು.

ಹೊತ್ತಿನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಮುನಿಯಪ್ಪ ಆಗ ತನ್ನ ಮಗಳು ಹೇಮಶ್ರೀಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಮಾತು ಕತ್ತರಿಸಿದ್ದು ಆರು ಗಂಟೆ ಹದಿನಾಲ್ಕು ನಿಮಿಷಕ್ಕೆ.

ರಹಮತ್ ಉಲ್ಲಾ ಈರುಳ್ಳಿ ತುಂಬಿದ ಟೆಂಪೋವನ್ನು ಈ ವೇಬ್ರಿಡ್ಜಿನಲ್ಲಿ ತೂಗಿಸಿ ತರೀಕೆರೆಯ ಕಡೆಗೆ ಹೊರಟಿದ್ದ. ಚೀಟಿಯಲ್ಲಿ ಅಚ್ಚಾಗಿದ್ದ ಸಮಯ ಆರು ಗಂಟೆ ಐದು ನಿಮಿಷ. ಅಲ್ಲಿಂದ ಕಾಲುವೆಯ ತಿರುವಿಗೆ ಎಂಟೋ ಒಂಬತ್ತೋ ನಿಮಿಷದ ದಾರಿ. ಆರು ಗಂಟೆಯ ನಮಾಜಿಗೆ ತಾನು ತರೀಕೆರೆಯ ಮಸೀದಿಯಲ್ಲಿದ್ದೆ ಎಂದು ಅವನು ಹೇಳಿದ. ಪಕ್ಕದಲ್ಲಿ ನಿಂತು ನಮಾಜು ಮಾಡಿದ ಇಬ್ಬರೂ ಅದನ್ನೇ ಹೇಳಿದರು. ಕೆಂಪರಾಜು ಕೇಳಿಸಿಕೊಂಡು, ಮನುಷ್ಯರಿಗೆ ನೆಂಟರಿರುತ್ತಾರೆ, ಮಿಷನ್ನಿಗೆ ಇರುವುದಿಲ್ಲ ಎಂದು ಕಡತ ಮುಚ್ಚಿದ್ದ.

ಆ ಮಿಷನ್ನಿನ ಗಡಿಯಾರವೇ ಮುಂದೋಡುತ್ತಿತ್ತು ಎಂದು ತೋರಿಸಿಕೊಡಬೇಕು. ಇವತ್ತು ಅವರು ಇಲ್ಲಿಗೆ ಬಂದದ್ದು ಅದೊಂದಕ್ಕೇ.

"ಕಾಮಾಕ್ಷಮ್ನೋರೇ, ನಾನೇನೂ ಅಡ್ಡ ಬರ್ಲಿಲ್ಲ. ಹೇಳಿದಷ್ಟು ಸಲ ಬಿಟ್ಟಿದ್ದೀನಿ," ಎಂದ ಕೆಂಪರಾಜು. ತರಬೇತಿಯ ದಿನಗಳಲ್ಲಿ ಆಕೆಯ ಕೈಕೆಳಗೆ ಡೈರಿ ಬರೆಯುವುದನ್ನು ಕಲಿತವನು. ಮಾತಿನಲ್ಲಿ ಮರ್ಯಾದೆ ಇನ್ನೂ ಹಾಗೇ ಇತ್ತು. "ವೇಗಾನ ಇನ್ನೂರರಿಂದ ಇನ್ನೂರ ನಾಲ್ಕಕ್ಕೆ ಏರಿಸಿದಾಗ ಓಡ್ತು. ಗಡಿಯಾರ ಗಂಟೆಗೆ ಒಂದು ನಿಮಿಷ ಮುಂದೆ ಹೋಯ್ತು. ಒಪ್ಕೊಂಡೆ. ಆದ್ರೆ ದಿನಕ್ಕೆ ಹತ್ತು ನಿಮಿಷ ಆಚೆ ಈಚೆ ಆದ್ರೆ ಇವರಪ್ಪ ಇನ್ನೂ ಅದೇ ರಸ್ತೇಲಿರ್ತಾರೆ. ನಿಮಗೆ ಬೇಕಾಗಿರೋದು ಐವತ್ತೈದು ನಿಮಿಷ."

ಅದಕ್ಕೆ ಇನ್ನೂರ ಇಪ್ಪತ್ತಕ್ಕೆ ಓಡಬೇಕು ಎಂದಳು ಮೆಹನಾಜ್, ಪರದೆಯನ್ನೇ ನೋಡುತ್ತ.

"ಓಡ್ತಿಲ್ವಲ್ಲಮ್ಮಾ."

ಟೀ ಕುಡಿದು ಬರುತ್ತೇನೆ, ಐದಕ್ಕೆ ಸರಿಯಾಗಿ ವರದಿ ಬರೆಯುತ್ತೇನೆ ಎಂದು ಹೇಳಿ ಅವನು ರಸ್ತೆಯಾಚೆಯ ಹೋಟೆಲಿನ ಕಡೆ ಹೋದ. ಅವನ ದನಿಯಲ್ಲಿ ಗೆದ್ದ ಹಮ್ಮಿರಲಿಲ್ಲ. ಅದರಿಂದಲೇ ಕಾಮಾಕ್ಷಮ್ಮನವರಿಗೆ ಹೆಚ್ಚು ನೋವಾಗಿದ್ದು. ಹಟಕ್ಕೆ ಬಿದ್ದ ಪೊಲೀಸನನ್ನು ಸೋಲಿಸಬಹುದು. ಪ್ರಾಮಾಣಿಕವಾಗಿ ತಪ್ಪು ತಿಳಿದುಕೊಂಡವನನ್ನು ಅಲ್ಲಾಡಿಸುವುದು ಕಷ್ಟ.

ಮೆಹನಾಜ್ ಕಡೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವವಳು. ಗಂಡ ಫೈಜಲ್, ಮಾವನ ಹಾಗೆ ಟೆಂಪೋ ಓಡಿಸುತ್ತಾನೆ. ಬಾಡಿಗೆ ಇಲ್ಲದ ದಿನ ಅಂಗಡಿಯಲ್ಲಿ ಅವಳಿಗೆ ಕೈಜೋಡಿಸುತ್ತಾನೆ. ಇಪ್ಪತ್ತು ದಿನದಿಂದ ಅಂಗಡಿಯ ಬಾಗಿಲು ಅರ್ಧ ತೆರೆದಿದ್ದರೆ ಹೆಚ್ಚು. ಹೋದ ವಾರ ಈ ವೇಬ್ರಿಡ್ಜಿನ ಕಂಪ್ಯೂಟರನ್ನು ವಕೀಲರ ಜೊತೆ ಬಂದು ನೋಡಿದಾಗ, ವೇಗ ಏರಿಸುವ ಒಂದು ಸಣ್ಣ ಸಾಫ್ಟ್‌ವೇರ್, ಅದರಲ್ಲಿ ಉಳಿದಿದ್ದ ಇನ್ನೂರ ಇಪ್ಪತ್ತರ ಅಂಕಿ ಅವಳ ಕಣ್ಣಿಗೆ ಬಿದ್ದಿತ್ತು. ಅಷ್ಟೇ ಅವರ ಕೈಲಿದ್ದ ಎಳೆ.

ಅವಳು ಆಗ ವಿವರಿಸಿದ್ದನ್ನು ಕಾಮಾಕ್ಷಮ್ಮ ತಮಗೆ ಬೇಕಾದ ಹಾಗೆ ತಿಳಿದುಕೊಂಡಿದ್ದರು. ಯಗಟಿಯಲ್ಲಿ ಅವರು ಚಿಕ್ಕವರಿದ್ದಾಗ ಒಂದೇ ಒರಳಿಗೆ ಮೂವರು ಹೆಂಗಸರು ಒನಕೆ ಹಾಕುತ್ತಿದ್ದರು. ಒಬ್ಬಳು "ಹುಂ" ಎನ್ನುವ ತಾಳ ಹಿಡಿಯುತ್ತಿದ್ದಳು. ಮಿಕ್ಕವರ ಕೈ ಆ ತಾಳಕ್ಕೆ ಕಟ್ಟುಬಿದ್ದಿರುತ್ತಿತ್ತು. ಕಂಪ್ಯೂಟರಿನ ಬೋರ್ಡಿನಲ್ಲೂ ಅಂಥದೇ ಒಂದು ತಾಳ. ಬಸ್ ಸ್ಪೀಡ್ ಎನ್ನುತ್ತಾರೆ. ಈ ಬೋರ್ಡಿನದು ಇನ್ನೂರು. ಪ್ರೊಸೆಸರು ಆ ತಾಳದ ಇಷ್ಟು ಪಟ್ಟು, ಮೆಮೊರಿ ಇಷ್ಟು ಪಟ್ಟು ಎಂದು ಮೊದಲೇ ಗೊತ್ತುಮಾಡಿರುತ್ತದೆ. ತಾಳ ಏರಿಸಿದರೆ ಎಲ್ಲರ ಕೈಯೂ ಚುರುಕಾಗುತ್ತದೆ. ಯಾರ ಕೈ ಸೋಲುತ್ತದೋ ಅಲ್ಲಿಗೆ ಕುಟ್ಟುವುದು ನಿಲ್ಲುತ್ತದೆ.

ಗಡಿಯಾರದ ವಿಷಯವೇ ಅವರಿಗೆ ವಿಚಿತ್ರವಾಗಿ ಕಂಡಿತ್ತು. ಕಂಪ್ಯೂಟರು ಏಳುವಾಗ ಒಂದು ಸಲ ಆ ತಾಳವನ್ನು ಅಳೆದು ಇಟ್ಟುಕೊಳ್ಳುತ್ತದೆ. ಆಮೇಲೆ ದಿನವೆಲ್ಲ ಅದೇ ಅಳತೆಯನ್ನು ನಂಬಿ ಹೊತ್ತು ಹೇಳುತ್ತದೆ. ಎದ್ದ ಮೇಲೆ ಯಾರಾದರೂ ತಾಳ ಏರಿಸಿದರೆ ಅದಕ್ಕೆ ತಿಳಿಯುವುದಿಲ್ಲ. ಇನ್ನೂರನ್ನು ಇನ್ನೂರ ಇಪ್ಪತ್ತು ಮಾಡಿದರೆ, ಹತ್ತು ನಿಮಿಷ ಕಳೆದಾಗ ಅದು ಹನ್ನೊಂದು ಎನ್ನುತ್ತದೆ. ಗಂಟೆಗೆ ಆರು ನಿಮಿಷ ಸುಳ್ಳು. ತಾನು ಸುಳ್ಳು ಹೇಳುತ್ತಿದ್ದೇನೆಂದು ಅದಕ್ಕೇ ಗೊತ್ತಿರುವುದಿಲ್ಲ.

ಅಂಥ ಸಾಕ್ಷಿಗಳನ್ನು ಕಾಮಾಕ್ಷಮ್ಮ ತಮ್ಮ ಸರ್ವೀಸಿನಲ್ಲಿ ಬೇಕಾದಷ್ಟು ನೋಡಿದ್ದರು.

"ಯಾರ ಕೈ ಸೋಲ್ತಿದೆ ಮೆಹನಾಜ್?" ಎಂದು ಕೇಳಿದರು.

"ಮೆಮೊರಿದು ಅಮ್ಮಾ. ನೀಲಿ ಪರದೆ ಮೇಲೆ ಅದನ್ನೇ ಬರೆದಿದೆ."

"ಅದರ ಪಾಲನ್ನ ಕಮ್ಮಿ ಮಾಡಕ್ಕಾಗಲ್ವಾ? ಸೋಲೋಳಿಗೆ ನಾಲ್ಕೇಟಿಗೆ ಮೂರೇ ಹಾಕು ಅನ್ನೋ ಹಂಗೆ."

ಒಳ್ಳೆಯ ಬೋರ್ಡಾಗಿದ್ದರೆ ಆಗುತ್ತಿತ್ತು, ಇದು ಅಗ್ಗದ್ದು, ಆ ಸೌಲಭ್ಯವೇ ಇಲ್ಲ ಎಂದಳು ಮೆಹನಾಜ್. ಆಮೇಲೆ ಎದ್ದು, ಪ್ಲಗ್ ಎಳೆದು, ಡಬ್ಬದ ಪಕ್ಕದ ತಗಡು ಬಿಚ್ಚಿದಳು.

ಒಳಗೆಲ್ಲ ಈರುಳ್ಳಿ ಸಿಪ್ಪೆಯ ಧೂಳು. ಸುಗ್ಗಿಯಲ್ಲಿ ಲೋಡು ಬಂದಾಗಲೆಲ್ಲ ಗಾಳಿಗೆ ಹಾರಿ ಬಂದ ತೆಳು ಸಿಪ್ಪೆ ಫ್ಯಾನಿಗೆ ಸಿಕ್ಕಿಕೊಂಡು, ಪುಡಿಯಾಗಿ, ಬೋರ್ಡಿನ ಮೇಲೆ ಕೆಂಪು ಹುಡಿ ಹರಡಿದಂತೆ ಕೂತಿತ್ತು. ಮೆಹನಾಜ್ ಮೊಬೈಲ್ ಬೆಳಕು ಬಿಟ್ಟು ಬಗ್ಗಿದವಳು ಹಾಗೇ ನಿಂತಳು.

"ಅಮ್ಮಾ, ಇಲ್ಲಿ ನೋಡಿ."

ಎಲ್ಲದರ ಮೇಲೂ ಧೂಳಿತ್ತು. ಬೆರಳುದ್ದದ ಒಂದು ಹಸಿರು ಪಟ್ಟಿಯ ಮೇಲೆ ಮಾತ್ರ ಇರಲಿಲ್ಲ. ಅದೇ ಮೆಮೊರಿ, ರ‍್ಯಾಮ್. ಅವಳು ಅದನ್ನು ಎರಡು ಕಡೆ ಹಿಡಿದಿದ್ದ ಕಿವಿಗಳನ್ನು ಅಗಲಿಸಿ ಮೇಲಕ್ಕೆತ್ತಿದಳು. ಕೆಳಗಿನ ಹಳದಿ ಹಲ್ಲುಗಳು ಹೊಸ ಹಿತ್ತಾಳೆಯ ಹಾಗೆ ಹೊಳೆಯುತ್ತಿದ್ದವು. ಸೀಳಿನ ಪಕ್ಕದಲ್ಲಿ ಸಣ್ಣ ಸಣ್ಣ ಬಿಳಿ ಎಳೆಗಳು ಉದುರಿದ್ದವು. ಅಕ್ಷರ ಅಳಿಸುವ ರಬ್ಬರಿನ ಚೂರು.

ಈ ಕಡೆಯ ರಿಪೇರಿಯವರೆಲ್ಲ ಮಾಡುವುದು ಹಾಗೇ ಎಂದು ಅವಳು ವಿವರಿಸಿದಳು. ಕಂಪ್ಯೂಟರು ಏಳದಿದ್ದರೆ ಮೊದಲು ರ‍್ಯಾಮ್ ಕಿತ್ತು, ಶಾಲೆ ಮಕ್ಕಳ ರಬ್ಬರಿನಲ್ಲಿ ಹಲ್ಲು ಉಜ್ಜಿ, ಊದಿ, ಮತ್ತೆ ಕೂರಿಸುತ್ತಾರೆ. ಆದರೆ ಇದನ್ನು ಉಜ್ಜಿ ಕೂರಿಸಿದವರು ಹಳೆಯದನ್ನೇ ಕೂರಿಸಿಲ್ಲ. ಇದು ನಿಧಾನದ ಪಟ್ಟಿ. ಅದಕ್ಕೆ ಅಂಟಿಸಿದ ಲೇಬಲ್ಲಿನ ಮೇಲೆ ಆರುನೂರ ಅರವತ್ತೇಳು ಎಂದು ಬರೆದಿದೆ. ತಾಳ ಇನ್ನೂರಿದ್ದಾಗಲೇ ಇದರ ಶಕ್ತಿಯೆಲ್ಲ ಮುಗಿದುಹೋಗುತ್ತದೆ. ಇನ್ನೂರ ಇಪ್ಪತ್ತಾದರೆ ಏಳುನೂರ ಮೂವತ್ತರ ಮೇಲೆ ಓಡಬೇಕಾಗುತ್ತದೆ. ಮೊದಲು ಇಲ್ಲಿದ್ದದ್ದು ಎಂಟುನೂರರ ಪಟ್ಟಿಯೇ ಇರಬೇಕು. ಅದಕ್ಕಾದರೆ ಆ ವೇಗ ಸಲೀಸು.

"ನಿನ್ನ ಅಂಗಡೀಲಿ ಎಂಟುನೂರರದು ಇಲ್ವಾ?"

"ಹತ್ತು ಇದಾವೆ ಅಮ್ಮಾ. ತಂದು ಹಾಕಿ ಓಡಿಸಿದ್ರೆ ಸಾಹೇಬ್ರು ಏನಂತಾರೆ? ಆರೋಪಿ ಮಗಳು ತನ್ನ ಸಾಮಾನು ಹಾಕಿ ತನಗೆ ಬೇಕಾದಂಗೆ ತೋರಿಸಿದ್ಲು ಅಂತಾರೆ."

ಅದು ನಿಜ. ಕಾಮಾಕ್ಷಮ್ಮನವರಿಗೆ ಮಹಜರಿನ ಸಾಲುಗಳು ಬಾಯಿಗೆ ಬರುತ್ತಿದ್ದವು. ಕಪ್ಪು ಬಣ್ಣದ ಸಿಪಿಯು ಒಂದು, ಮಾನಿಟರ್ ಒಂದು, ಪ್ರಿಂಟರ್ ಒಂದು. ಒಳಗೆ ಎಂಥ ಮೆಮೊರಿ ಇತ್ತು ಎಂದು ಯಾರೂ ಬರೆದಿರಲಿಲ್ಲ. ಮಹಜರನ್ನು ತಾವೇ ಮಾಡಿದ್ದರೂ ಅದನ್ನು ಬರೆಯುತ್ತಿರಲಿಲ್ಲ. ಬೀಗ ಹಾಕಿದ ಪೆಟ್ಟಿಗೆಯನ್ನು ಬೀಗ ಹಾಕಿದ ಪೆಟ್ಟಿಗೆ ಎಂದೇ ಬರೆಯುವುದು ಇಲಾಖೆಯ ವಾಡಿಕೆ.

ಈಗ ಮಿಷನ್ನಿನಿಂದ ಏನೂ ಹುಟ್ಟುವುದಿಲ್ಲ. ಏನಾದರೂ ಹುಟ್ಟುವುದಿದ್ದರೆ ಮನುಷ್ಯನ ಬಾಯಿಂದಲೇ. ಕಾಮಾಕ್ಷಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ಬಂದರು.

ವೇಬ್ರಿಡ್ಜಿನ ಆಪರೇಟರ್ ನಾಗೇಶ್ ಕಬ್ಬಿಣದ ಪ್ಲಾಟ್‌ಫಾರಮ್ಮಿನ ಅಂಚಿನಲ್ಲಿ ಕೂತು ಬೆರಳಿನ ಉಗುರು ಕಚ್ಚುತ್ತಿದ್ದ. ಮೂವತ್ತರ ಆಸುಪಾಸು. ಯಜಮಾನ ಈರಭದ್ರಪ್ಪ ಊರಲ್ಲಿರಲಿಲ್ಲ. ಇವತ್ತು ತೂಕಕ್ಕೆ ರಜೆ. ಗಡಿಯಾರ ಸರಿಯಾಗಿತ್ತು ಎಂದು ಠಾಣೆಯಲ್ಲಿ ಸಹಿ ಹಾಕಿ ಬಂದಿದ್ದವನು ಇವನೇ.

ಅವರು ಅವನ ಪಕ್ಕದಲ್ಲೇ ಕೂತರು. ಕಬ್ಬಿಣ ಬಿಸಿಲಿಗೆ ಕಾದಿತ್ತು. ಕಂಪ್ಯೂಟರಿನ ಸುದ್ದಿಯನ್ನೇ ಎತ್ತಲಿಲ್ಲ. ಊರು ಯಾವುದು ಎಂದು ಕೇಳಿದರು. ಹಿರೇನಲ್ಲೂರು ಎಂದ. ತಮ್ಮ ಚಿಕ್ಕಮ್ಮನನ್ನು ಕೊಟ್ಟಿದ್ದು ಅಲ್ಲಿಗೇ ಎಂದು ಹೇಳಿ, ಅಲ್ಲಿಯ ನೀರಿನ ಕಷ್ಟದ ಮಾತಾಡಿದರು. ಬೆಳಗ್ಗೆ ಅಷ್ಟು ದೂರದಿಂದ ಎಷ್ಟು ಹೊತ್ತಿಗೆ ಬಂದು ಬೀಗ ತೆಗೆಯುತ್ತೀಯಾ, ಬಂದವನು ಮೊದಲು ಏನು ಮಾಡುತ್ತೀಯಾ ಎಂದು ಕೇಳಿದರು.

ಪೊಲೀಸರು ಹನ್ನೆರಡನೇ ತಾರೀಕಿನ ಬಗ್ಗೆ ನೂರು ಸಲ ಕೇಳಿದ್ದರು. ದಿನನಿತ್ಯದ ಬಗ್ಗೆ ಯಾರೂ ಕೇಳಿರಲಿಲ್ಲ. ನಾಗೇಶ್ ನಿರಾಳವಾಗಿ ಹೇಳತೊಡಗಿದ. ಎಂಟಕ್ಕೆ ಮುಂಚೆ ಬರುತ್ತಾನೆ. ಸಿಪ್ಪೆ ಗುಡಿಸುತ್ತಾನೆ. ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಾನೆ. ಕಂಪ್ಯೂಟರ್ ಹಾಕಿ, ಮೊಬೈಲ್ ಪಕ್ಕದಲ್ಲಿಟ್ಟುಕೊಂಡು ಟೈಮ್ ನೋಡುತ್ತಾನೆ. ಆಮೇಲೆ ತೂಕದ ಅಂಕಿಯನ್ನು ಸೊನ್ನೆಗೆ ತಂದು ಮೊದಲ ಗಾಡಿ ಬಿಡುತ್ತಾನೆ.

ಕಾಮಾಕ್ಷಮ್ಮ ತಲೆಯಾಡಿಸಿದರು. ಊದುಬತ್ತಿಗೆ ಯಜಮಾನರು ಕೊಡುತ್ತಾರೋ ನೀನೇ ತರುತ್ತೀಯೋ ಎಂದು ವಿಚಾರಿಸಿದರು. ತಾನೇ ತರುತ್ತೇನೆ ಎಂದ. ಜಿಪುಣನ ಹತ್ತಿರ ಕೆಲಸ ಮಾಡುವುದು ಕಷ್ಟವೇ ಎಂದರು. ಅವನು ನಕ್ಕ.

"ಟೈಮ್ ಈಗ್ಲೂ ದಿನಾ ಹಿಂದಕ್ಕೆ ತಿರುಗಿಸ್ತೀಯೇನಪ್ಪಾ?"

"ಈಗ ಬೇಕಾಗಲ್ಲ ಕಣಮ್ಮಾ."

ಹೇಳಿದ ಮೇಲೆ ಅವನ ಮುಖದ ನಗು ಹಾಗೇ ಅಂಟಿಕೊಂಡಿತ್ತು. ಅದನ್ನು ಇಳಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

"ಯಾವತ್ತಿಂದ ಬೇಕಾಗಲ್ಲ?"

ನಾಗೇಶ್ ಮತ್ತೆ ಉಗುರು ಕಚ್ಚತೊಡಗಿದ. ಕಾಮಾಕ್ಷಮ್ಮ ಕಾದರು. ರಸ್ತೆಯಲ್ಲಿ ತೆಂಗಿನಕಾಯಿ ಸಿಪ್ಪೆ ತುಂಬಿದ ಟ್ರ್ಯಾಕ್ಟರ್ ಒಂದು ಬಂದು, ಮುಚ್ಚಿದ ಗೇಟು ನೋಡಿ, ಹಾರನ್ ಹೊಡೆದು ಮುಂದೆ ಹೋಯಿತು.

"ಮುಂಚೆ ದಿನಾ ಎಷ್ಟು ತಿರುಗಿಸ್ತಿದ್ದೆ, ಅದನ್ನಾದ್ರೂ ಹೇಳು. ನಾನು ನಿನ್ನ ಹಿಡ್ಕೊಂಡೋಗಕ್ಕೆ ಬಂದಿಲ್ಲ. ನನ್ನ ಹತ್ರ ಈಗ ಲಾಠಿನೂ ಇಲ್ಲ, ಪೇಪರ್ರೂ ಇಲ್ಲ."

"ಒಂದೂ ಕಾಲು ಗಂಟೆ," ಎಂದ ನಾಗೇಶ್ ನೆಲ ನೋಡುತ್ತ. "ರಾತ್ರಿ ಎಂಟಕ್ಕೆ ಆಫ್ ಮಾಡೋ ಹೊತ್ಗೆ ಅಷ್ಟು ಮುಂದೆ ಹೋಗ್ಬಿಟ್ಟಿರೋದು. ಗಾಡಿಯವ್ರು ಯಾರೂ ಟೈಮ್ ನೋಡಲ್ಲ ಕಣಮ್ಮಾ. ತೂಕ ನೋಡ್ತಾರೆ, ಚೀಟಿ ಜೇಬಿಗಿಟ್ಕೊಂಡು ಹೋಗ್ತಾರೆ."

ಕಾಮಾಕ್ಷಮ್ಮ ಮನಸ್ಸಿನಲ್ಲೇ ಗುಣಿಸಿದರು. ಹನ್ನೆರಡು ಗಂಟೆ, ಗಂಟೆಗೆ ಆರು. ಎಪ್ಪತ್ತೆರಡು ನಿಮಿಷ. ಮೆಹನಾಜಳ ಲೆಕ್ಕಕ್ಕೂ ಇವನ ಬಾಯಿಗೂ ಮೂರು ನಿಮಿಷದ ವ್ಯತ್ಯಾಸ.

ಆಮೇಲೆ ಅವನು ತಾನಾಗಿಯೇ ಎಲ್ಲ ಹೇಳಿದ. ಲೋಡಿಲ್ಲದ ಹೊತ್ತು ಕಳೆಯಲು ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದ. ಹಳೆಯ ಮಿಷನ್ನು, ಆಟ ತಡವರಿಸುತ್ತಿತ್ತು. ಯಾರೋ ಹೇಳಿಕೊಟ್ಟರು, ವೇಗ ಏರಿಸಿಕೊಂಡ. ಬೆಳಗ್ಗೆ ಏರಿಸಿದರೆ ಬಾಗಿಲು ಹಾಕುವವರೆಗೂ ಹಾಗೇ. ಗಡಿಯಾರ ಯಾಕೆ ಓಡುತ್ತದೆಂದು ತಿಳಿಯದೆ, ಕಂಪ್ಯೂಟರಿನ ಬ್ಯಾಟರಿ ಹೋಗಿರಬೇಕೆಂದುಕೊಂಡು ದಿನಾ ತಿರುಗಿಸಿಕೊಳ್ಳುತ್ತಿದ್ದ. ಪೊಲೀಸರು ಬಂದಾಗ ಗಡಿಯಾರ ನಿಜವಾಗಿ ಸರಿಯಾಗಿತ್ತು, ಹಾಗೆಂದೇ ಸಹಿ ಹಾಕಿದ. ಹಿಂದಿನ ಕಥೆ ಹೇಳಿದ್ದರೆ ಯಜಮಾನರು ಅವತ್ತೇ ಓಡಿಸುತ್ತಿದ್ದರು. ಹೆಂಡತಿಗೆ ಆರು ತಿಂಗಳು.

"ಅಲ್ಲಿ ಒಬ್ಬರು ಇಪ್ಪತ್ತು ದಿನದಿಂದ ಜೈಲಲ್ಲಿದಾರೆ ನಾಗೇಶ."

"ಗೊತ್ತು ಕಣಮ್ಮಾ."

"ಮೆಮೊರಿ ಪಟ್ಟಿ ಬದಲಾಯಿಸಿದ್ದು ಯಾರು?"

ಅವನು ಒಮ್ಮೆ ಕೋಣೆಯ ಕಡೆ ನೋಡಿದ. ಕಿಟಕಿಯೊಳಗೆ ಮೆಹನಾಜಳ ಬಗ್ಗಿದ ತಲೆ ಕಾಣುತ್ತಿತ್ತು.

"ಅದೊಂದು ಮಾತ್ರ ಕೇಳ್ಬೇಡಿ. ಮಿಕ್ಕಿದ್ದು ಎಲ್ಲಿ ಬೇಕಾದ್ರೂ ಬರ್ದು ಕೊಡ್ತೀನಿ."

ಕಾಮಾಕ್ಷಮ್ಮ ಒತ್ತಾಯ ಮಾಡಲಿಲ್ಲ. ಬಾಯಿ ಬಿಟ್ಟವನನ್ನು ಅಲ್ಲೇ ಹಿಂಡಿದರೆ ಕೊಟ್ಟಿದ್ದನ್ನೂ ವಾಪಸ್ಸು ನುಂಗಿಬಿಡುತ್ತಾನೆ. ನಾಲ್ಕು ಇಪ್ಪತ್ತಾಗಿತ್ತು. ಅವನನ್ನು ಒಳಗೆ ಕರೆದುಕೊಂಡು ಹೋಗಿ, ಮೇಜಿನ ಮೂಲೆಯಲ್ಲಿ ಕೂರಿಸಿ, ಬಿಳಿ ಹಾಳೆ ಕೊಟ್ಟರು. ಅವನು ಬರೆದ. ಬೆಳಗ್ಗೆ ಎಂಟಕ್ಕೆ ಟೈಮ್ ಸರಿಮಾಡುತ್ತಿದ್ದೆ, ಇನ್ನೂರ ಇಪ್ಪತ್ತಕ್ಕೆ ಏರಿಸುತ್ತಿದ್ದೆ, ಹನ್ನೆರಡನೇ ತಾರೀಕೂ ಹಾಗೇ ಮಾಡಿದ್ದೆ. ಕೆಳಗೆ ಸಹಿ, ತಾರೀಕು.

ಮೆಹನಾಜ್ ಅದನ್ನು ನಿಂತೇ ಓದಿದಳು. ಓದಿ ಮುಗಿಸಿ ದುಪ್ಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಇಪ್ಪತ್ತು ದಿನದಲ್ಲಿ ಅವಳ ಕಣ್ಣಲ್ಲಿ ನೀರು ಕಂಡದ್ದು ಇದೇ ಮೊದಲು.

"ಇದನ್ನ ಕೊಟ್ರೆ ಅಬ್ಬಾನ ಬಿಡ್ತಾರಾ ಅಮ್ಮಾ?"

ಬರೀ ಮಾತು ಸಾಲದು, ಲೆಕ್ಕವನ್ನೂ ಜೊತೆಗಿಡೋಣ ಎಂದರು ಕಾಮಾಕ್ಷಮ್ಮ. ಒಬ್ಬರ ಚೀಟಿಯನ್ನಷ್ಟೇ ತಿದ್ದಿದರೆ ಬೇಕೆಂದು ತಿದ್ದಿದಂತೆ ಕಾಣುತ್ತದೆ. ಆ ದಿನ ತೂಗಿದ ಗಾಡಿಗಳೆಲ್ಲದರ ಸಮಯವನ್ನೂ ತಿದ್ದಿ ತೋರಿಸಬೇಕು. ಠಾಣೆಯಿಂದ ಕೊಟ್ಟ ಗಾಡಿಗಳ ಪಟ್ಟಿಯ ಪ್ರತಿ ಅವರ ಚೀಲದಲ್ಲೇ ಇತ್ತು. ಹತ್ತೊಂಬತ್ತು ಗಾಡಿ. ಪೆನ್ಸಿಲ್ ತೆಗೆದು, ಕನ್ನಡಕ ಹಾಕಿಕೊಂಡು ಕೂತರು.

ಲೆಕ್ಕ ಕಷ್ಟದ್ದಲ್ಲ. ಎಂಟರಿಂದ ಚೀಟಿಯ ಹೊತ್ತಿಗೆ ಎಷ್ಟು ನಿಮಿಷವೋ ಅದರಲ್ಲಿ ಹನ್ನೊಂದರಲ್ಲೊಂದು ಪಾಲು ಸುಳ್ಳು. ಅಷ್ಟನ್ನು ಕಳೆಯಬೇಕು.

ರಹಮತ್ ಉಲ್ಲಾನದನ್ನು ಮೊದಲು ಹಿಡಿದರು. ಆರು ಗಂಟೆ ಐದು ನಿಮಿಷ. ಎಂಟರಿಂದ ಆರುನೂರ ಐದು ನಿಮಿಷ. ಹನ್ನೊಂದರಲ್ಲೊಂದು ಪಾಲು ಐವತ್ತೈದು. ಕಳೆದರೆ ಐದು ಗಂಟೆ ಹತ್ತು ನಿಮಿಷ. ಅಲ್ಲಿಂದ ತರೀಕೆರೆಗೆ ಮೂವತ್ತೈದು ನಿಮಿಷ ಹಿಡಿದರೂ ಐದೂ ಮುಕ್ಕಾಲಿಗೆ ಊರು ಸೇರಿ, ಕೈಕಾಲು ತೊಳೆದು, ಆರಕ್ಕೆ ನಮಾಜಿಗೆ ನಿಲ್ಲಬಹುದು. ಆ ಇಬ್ಬರು ಹೇಳಿದ್ದು ಅಕ್ಷರಕ್ಕಕ್ಷರ ನಿಜ.

ಒಂದೊಂದೇ ಸಾಲು ತಿದ್ದುತ್ತ ಇಳಿದರು. ಬೆಳಗಿನ ಗಾಡಿಗಳು ಹೆಚ್ಚು ಅಲುಗಲಿಲ್ಲ. ಮಧ್ಯಾಹ್ನದವು ಅರ್ಧ ಗಂಟೆ ಹಿಂದೆ ಸರಿದವು. ಸಂಜೆಯವು ಒಂದೊಂದು ಗಂಟೆ.

ಕೊನೆಯಿಂದ ಎರಡನೆಯ ಸಾಲು. ಏಳು ಗಂಟೆ ಹತ್ತು ನಿಮಿಷ. ಬಿಳಿ ಟೆಂಪೋ, ಈರುಳ್ಳಿ, ತರೀಕೆರೆ ಕಡೆಗೆ. ಪೊಲೀಸರು ಇದರ ಮೇಲೆ ಅಡ್ಡಗೆರೆ ಎಳೆದಿದ್ದರು. ಮುನಿಯಪ್ಪ ಸತ್ತು ಒಂದು ಗಂಟೆಯಾದ ಮೇಲೆ ಬಂದ ಗಾಡಿ ಯಾರಿಗೆ ಬೇಕು.

ಆರುನೂರ ಎಪ್ಪತ್ತು ನಿಮಿಷ. ಅದರಲ್ಲಿ ಅರವತ್ತೊಂದು ಹೋಗಬೇಕು.

ಆರು ಗಂಟೆ ಒಂಬತ್ತು ನಿಮಿಷ.

ಕಾಮಾಕ್ಷಮ್ಮ ಇನ್ನೊಂದು ಸಲ ಕೂಡಿಸಿ ಕಳೆದರು. ಆರೂ ಒಂಬತ್ತು. ಅಲ್ಲಿಂದ ಕಾಲುವೆಯ ತಿರುವಿಗೆ, ಸ್ವಲ್ಪ ಜೋರಾಗಿ ಹೋದರೆ, ಐದೇ ನಿಮಿಷ. ಗಾಡಿಯ ನಂಬರು ಓದಿದರು. ಕಡೆಯ ನಾಲ್ಕಂಕಿ ನಲವತ್ನಾಲ್ಕು ಸೊನ್ನೆ ಏಳು. ಅದನ್ನು ಅವರು ಓದಿ ತಿಳಿಯಬೇಕಾಗಿರಲಿಲ್ಲ. ವಕೀಲರ ಮನೆಯ ಮುಂದೆ, ಜೈಲಿನ ಮುಂದೆ, ಇಪ್ಪತ್ತು ದಿನದಿಂದ ಮೆಹನಾಜಳನ್ನು ಇಳಿಸಿ ಕಾಯುತ್ತಿದ್ದ ಗಾಡಿ ಅದು.

ಹಾಳೆಯನ್ನು ಮಗುಚಿ ಇಡಬೇಕೆಂದು ಅವರ ಕೈ ಮುಂದಾಯಿತು. ತಡವಾಗಿತ್ತು. ಮೆಹನಾಜ್ ಹೆಗಲ ಹಿಂದೆ ಬಂದು ನಿಂತಿದ್ದಳು. ಲೆಕ್ಕದಲ್ಲಿ ಅವಳು ಅವರಿಗಿಂತ ಚುರುಕು.

ಅವಳು ಪಕ್ಕಕ್ಕೆ ಬಂದಳು. ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡು, ಅದೇ ಸಾಲಿನ ಪಕ್ಕ, ತಾನೇ ಮತ್ತೊಮ್ಮೆ ಭಾಗಿಸಿದಳು. ಅರವತ್ತೊಂದೇ ಬಂತು.

"ನಮ್ಮನೆಯವ್ರು ಏಳೂವರೆಗೆ ಕಾಲುವೆ ದಾಟಿದೆ ಅಂದಿದ್ರು," ಎಂದಳು, ಬಹಳ ಸಣ್ಣ ದನಿಯಲ್ಲಿ. "ಅಷ್ಟೊತ್ತಿಗೆ ಜನ ಸೇರಿದ್ರು, ಪೊಲೀಸ್ ಇದ್ರು ಅಂದಿದ್ರು."

ಕಾಮಾಕ್ಷಮ್ಮ ಕನ್ನಡಕ ತೆಗೆದಿಟ್ಟರು. ಅಪ್ಪನನ್ನು ಹೊರಗೆ ತರುವ ಲೆಕ್ಕವೇ ಗಂಡನನ್ನು ಒಳಗೆ ಕಳಿಸುತ್ತದೆ; ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಒರೆಸುವ ಹಾಗಿಲ್ಲ. ತಾಳ ಒಂದೇ. ಎಲ್ಲರ ಹೊತ್ತೂ ಅದಕ್ಕೇ ಕಟ್ಟುಬಿದ್ದಿತ್ತು. ಅವರಿಗೆ ಹೇಮಶ್ರೀಯ ನೆನಪಾಯಿತು. ಮಾತಿನ ನಡುವೆ ಅಪ್ಪ ಏನೋ ಹೇಳಲು ಹೋಗಿ ನಿಂತುಬಿಟ್ಟ, ಅದೇನೆಂದು ಇನ್ನು ತನಗೆ ಗೊತ್ತಾಗುವುದಿಲ್ಲ ಎಂದಿದ್ದಳು ಆ ಹುಡುಗಿ.

ಹೊರಗೆ ಬೂಟಿನ ಸದ್ದಾಯಿತು. ಕೆಂಪರಾಜು ಬಾಗಿಲಲ್ಲಿ ನಿಂತ. ಐದಕ್ಕೆ ಎರಡು ನಿಮಿಷವಿತ್ತು.

"ವರದಿ ಬರೀತೀನಿ ಕಾಮಾಕ್ಷಮ್ನೋರೇ. ನಿಮ್ಮ ಕಡೆಯಿಂದ ಏನಾದ್ರೂ ಸೇರಿಸೋದಿದೆಯಾ?"

ನಾಗೇಶ್ ಬರೆದುಕೊಟ್ಟ ಹಾಳೆ ಕಾಮಾಕ್ಷಮ್ಮನವರ ಮುಂದೆಯೇ ಇತ್ತು. ಅವರು ಬಾಯಿ ತೆರೆಯುವ ಮೊದಲೇ ಮೆಹನಾಜ್ ಅದರ ಮೇಲೆ ಅಂಗೈ ಊರಿದಳು.

"ಏನೂ ಇಲ್ಲ ಸಾರ್."

ಕೆಂಪರಾಜು ಒಂದು ಗಳಿಗೆ ನೋಡಿದ. ಸೋತವರ ಮುಖ ಅವನು ಹೊಸದಾಗಿ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ತಿರುಗಿದ. ಬೂಟಿನ ಸದ್ದು ಜೀಪಿನ ಕಡೆ ಹೊರಟಿತು.

ಕಾಮಾಕ್ಷಮ್ಮ ಅವಳ ಕೈಯನ್ನು ಎತ್ತಲಿಲ್ಲ. ಮೂಲೆಯಲ್ಲಿ ಗೋಡೆಗಂಟಿ ನಿಂತಿದ್ದ ನಾಗೇಶನ ಕಡೆ ತಿರುಗಿ, ಹೊರಗೆ ತಾವು ಬಿಟ್ಟುಕೊಟ್ಟಿದ್ದ ಪ್ರಶ್ನೆಯನ್ನು ಮತ್ತೆ ಕೇಳಿದರು.

"ಈಗ ಹೇಳಪ್ಪಾ. ಮೆಮೊರಿ ಪಟ್ಟಿ ಬದಲಾಯಿಸಿದ್ದು ಫೈಜಲ್ಲೇ ತಾನೆ?"

ನಾಗೇಶ್ ಹೌದೆಂದು ತಲೆಯಾಡಿಸಿದ. ಹದಿಮೂರನೇ ತಾರೀಕು ಬೆಳಗ್ಗೆ, ಬಾಗಿಲು ತೆಗೆಯುವ ಹೊತ್ತಿಗೇ ಬಂದಿದ್ದರಂತೆ. ಮಿಷನ್ನು ಸುಟ್ಟುಹೋಗುತ್ತೆ, ಈ ವೇಗ ಒಳ್ಳೆಯದಲ್ಲ ಎಂದು ಹೇಳಿ, ಅದನ್ನು ಕಿತ್ತು ಇದನ್ನು ಕೂರಿಸಿ ಹೋದರಂತೆ. ಅವತ್ತಿನಿಂದ ಗಡಿಯಾರ ಸರಿಯಾಗಿ, ಏಳೂ ಹತ್ತರ ಚೀಟಿಯೂ ನಿಜವೆನಿಸಿಕೊಂಡಿತ್ತು.

ಅಷ್ಟು ಹೇಳಿ ಅವನು ಮೆಹನಾಜಳ ಮುಖ ನೋಡಿದ. ಆಮೇಲೆ ಅವಳ ಅಂಗೈ ಕೆಳಗಿದ್ದ ತನ್ನ ಸಹಿಯನ್ನು ನೋಡಿದ.

"ಅವ್ರು ಒಬ್ರೇ ಬಂದಿರ್ಲಿಲ್ಲ ಕಣಮ್ಮಾ," ಎಂದ. "ಒಳಗೆ ಕತ್ಲೆ ಇತ್ತು. ಪಟ್ಟಿ ಕೀಳೋವಾಗ ಟಾರ್ಚ್ ಹಿಡ್ಕೊಂಡು ನಿಂತಿದ್ದೋರು ಇವ್ರಪ್ಪ."

ಜೀಪಿನ ಕಡೆ ಹೋಗುತ್ತಿದ್ದ ಬೂಟಿನ ಸದ್ದು ನಿಂತಿತು.